ಕಾಮಾಲೆಯ ಬರೆ

ಚಿತ್ರದುರ್ಗ
8-1-1979

ಜುಂಜಯ್ಯನಹಟ್ಟಿ ಬಾಲವಾಡಿಯ ಶಿಕ್ಷಕಿ ಶ್ರೀಮತಿ ಏಕಾಂತಮ್ಮನವರಿಗೆ, ವಕೀಲ ಶಿವಕುಮಾರಪ್ಪ ಮಾಡುವ ವಂದನೆಗಳು.

ಈ ವರ್ಷವನ್ನು ಲೋಕವೆಲ್ಲ ಮಕ್ಕಳ ವರ್ಷವೆಂದು ಆಚರಿಸುತ್ತಿರುವುದನ್ನು ತಾವು ರೇಡಿಯೋದಲ್ಲಿ ಕೇಳಿರಬಹುದು. ಮಕ್ಕಳ ರಕ್ಷಣೆಗೆ ಏನೇನು ಬೇಕೆಂದು ವಿಚಾರಿಸಲು ಸರ್ಕಾರದ ಉಪಸಮಿತಿಯೊಂದು ಏಪ್ರಿಲ್ ತಿಂಗಳಲ್ಲಿ ದುರ್ಗಕ್ಕೆ ಬರಲಿದೆ. ಅದಕ್ಕೆ ಒಪ್ಪಿಸಲು ನಾವು ಕೆಲವರು ಸೇರಿ ಒಂದು ಮನವಿ ಬರೆಯುತ್ತಿದ್ದೇವೆ. ಮಕ್ಕಳನ್ನು ಹಿಂಸಿಸಬಾರದೆಂಬ ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ನಡೆಸಲು ತಾಲ್ಲೂಕಿಗೊಬ್ಬ ಅಧಿಕಾರಿ ಬೇಕು, ಅಂಥ ಮಕ್ಕಳನ್ನು ಇಡಲು ಒಂದು ಮನೆ ಬೇಕು, ಎರಡಕ್ಕೂ ವರ್ಷವರ್ಷವೂ ಹಣ ಬೇಕು ಎಂಬುದು ನಮ್ಮ ಬೇಡಿಕೆ. ಹೊಸದುರ್ಗದ ಮಾಡದಕೆರೆ ಕಡೆಯಿಂದಲೂ ಹೊಳಲ್ಕೆರೆಯಿಂದಲೂ ಕೆಲವು ಸಂಗತಿಗಳು ಬಂದಿವೆ.

ನಿಮ್ಮ ಹಟ್ಟಿಯ ಒಂದು ಮನೆಯಲ್ಲಿ ಒಂದು ಹೆಣ್ಣು ಮಗುವನ್ನು ಕ್ರೂರವಾಗಿ ನಡೆಸಿಕೊಳ್ಳುತ್ತಿದ್ದಾರೆಂದು ನಮಗೆ ತಿಳಿದುಬಂದಿದೆ. ತಾವು ದಿನವೂ ಅಲ್ಲಿರುವವರು. ಕಂಡದ್ದನ್ನು ಬರೆದು ಕಳುಹಿಸಬೇಕು. ಸಾಧ್ಯವಾದರೆ ಮಗುವಿನ ಭಾವಚಿತ್ರವನ್ನೂ.

ಇಂತಿ,
ಶಿವಕುಮಾರಪ್ಪ


ಧರ್ಮಪುರ
21-1-1979

ವಕೀಲರಾದ ಶಿವಕುಮಾರಪ್ಪನವರಿಗೆ ಏಕಾಂತಮ್ಮನ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನನಗೆ ತಲುಪುವ ಮುಂಚೆ ಧರ್ಮಪುರದ ಹೋಟೆಲಿಗೆ ತಲುಪಿತು. ಲಕೋಟೆಯ ಮೇಲಿನ ವಕೀಲರ ಮೊಹರನ್ನು ಪೋಸ್ಟ್‌ಮ್ಯಾನ್ ಅಲ್ಲಿದ್ದವರಿಗೆಲ್ಲ ತೋರಿಸಿದ್ದಾನೆ. ನಾನು ಧರ್ಮಪುರದ ನನ್ನ ಮನೆಯಿಂದ ಹಟ್ಟಿ ಮುಟ್ಟುವಷ್ಟರಲ್ಲಿ ನನಗೆ ವಾರಂಟು ಬಂದಿದೆಯೆಂದು ಸುದ್ದಿ. ಹಟ್ಟಿಯ ಯಜಮಾನ ಜಂಪಣ್ಣನ ಹೆಂಡತಿ ಜಯಕ್ಕ ನೀರಿನ ಕೊಡ ಹೊತ್ತವಳು ದಾರಿಯಲ್ಲೇ ನಿಂತು, “ಟೀಚ್ರಮ್ಮ, ಜೈಲಿಗೆ ಹೋಗಾಕ್ ಮುಂಚೆ ನನ್ ಒನಕೆ ವಾಪಸ್ ಕೊಟ್ಟೋಗ್ರಿ” ಎಂದಳು. ಅವಳು ಹಾಗೇ. ನಗಿಸದೆ ಬಿಡುವವಳಲ್ಲ.

ಆದರೆ ಮಿಕ್ಕವರು ನಗಲಿಲ್ಲ. ಕಾರಣ ಹೇಳುತ್ತೇನೆ. ಮೂರು ವರ್ಷದ ಕೆಳಗೆ ಪ್ಯಾಂಟು ಹಾಕಿದವರಿಬ್ಬರು ಬಂದು, ಯಾರ ಮನೆಯಲ್ಲಿ ಎಷ್ಟು ಮಕ್ಕಳು ಎಂದು ಪ್ರೀತಿಯಿಂದ ಕೇಳಿ ಬರೆದುಕೊಂಡು ಹೋದರು. ಮಕ್ಕಳಿಗೆ ಪೆಪ್ಪರಮೆಂಟು ಹಂಚಿದರು. ವಾರ ಕಳೆದ ಮೇಲೆ ಜೀಪು ಬಂತು. ಮಕ್ಕಳಿದ್ದ ಗಂಡಸರನ್ನೆಲ್ಲ ಸಂತಾನಹರಣದ ಆಪರೇಷನ್ನಿಗೆ ಹತ್ತಿಸಿಕೊಂಡು ಹೋಯಿತು. ಅಂದಿನಿಂದ ಹಟ್ಟಿಯಲ್ಲಿ ಮಕ್ಕಳ ಕ್ಷೇಮ ವಿಚಾರಿಸುವವರನ್ನು ಕಂಡರೆ ಗಂಡಸರು ಕುರಿ ಮಂದೆಯ ಹಿಂದೆ ಸೇರಿಕೊಳ್ಳುತ್ತಾರೆ. ಈಗ ನೀವು ಭಾವಚಿತ್ರ ಬೇರೆ ಕೇಳುತ್ತೀರಿ.

ಕ್ರೌರ್ಯದ ಮಾತು ಸುಳ್ಳು. ಬೋರಕ್ಕನ ಕೈ ಮೇಲಿರುವುದು ಕಾಮಾಲೆಗೆ ಹಾಕಿದ ಬರೆ. ಈ ಕಡೆ ಮಗುವಿಗೆ ಹೊಟ್ಟೆಯುಬ್ಬರ ಬಂದರೆ ಹೊಟ್ಟೆಗೆ, ಕಾಮಾಲೆ ಬಂದರೆ ಕೈಗೆ, ಬಳೆಚೂರು ಕಾಯಿಸಿ ಬರೆ ಹಾಕುತ್ತಾರೆ. ನಾನು ಹೊಳಲ್ಕೆರೆ ಕಡೆಯವಳು, ನನ್ನ ಹೊಟ್ಟೆಯ ಮೇಲೂ ಎರಡಿವೆ. ದುರ್ಗದ ವಕೀಲರ ಹೊಟ್ಟೆಯ ಮೇಲೂ ಹುಡುಕಿದರೆ ಸಿಕ್ಕಾವು. ಕಾನೂನು ತರುವುದಾದರೆ ಅವಶ್ಯ ತನ್ನಿ. ಇಲ್ಲಿ ಮಾತ್ರ ನಿಮಗೆ ಬೇಕಾದದ್ದಿಲ್ಲ.

ಏಕಾಂತಮ್ಮ


ಚಿತ್ರದುರ್ಗ
29-1-1979

ಶ್ರೀಮತಿ ಏಕಾಂತಮ್ಮನವರಿಗೆ,

ನನ್ನ ಕಾಗದದ ನಕಲನ್ನು ಮತ್ತೊಮ್ಮೆ ಓದಿದೆ. ಅದರಲ್ಲಿ ನಾನು ಮಗುವಿನ ಹೆಸರು ಬರೆದಿರಲಿಲ್ಲ. ಹೆಸರು ನನಗೆ ಗೊತ್ತೂ ಇರಲಿಲ್ಲ. ಬರೆಯ ಮಾತನ್ನೂ ಎತ್ತಿರಲಿಲ್ಲ. ‘ಒಂದು ಹೆಣ್ಣು ಮಗು’ ಎಂದಷ್ಟೇ ಬರೆದಿದ್ದೆ. ಹಟ್ಟಿಯ ಅಷ್ಟು ಮಕ್ಕಳಲ್ಲಿ ನಿಮಗೆ ತಟ್ಟನೆ ಬೋರಕ್ಕನೇ ಏಕೆ ನೆನಪಾದಳು?

ಈ ಕಾಗದಕ್ಕೆ ಉತ್ತರ ಬರೆಯುವುದು ಬಿಡುವುದು ನಿಮಗೆ ಸೇರಿದ್ದು.

ಶಿವಕುಮಾರಪ್ಪ


ಧರ್ಮಪುರ
12-2-1979

ವಕೀಲರಿಗೆ ನಮಸ್ಕಾರ.

ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಕೇಳಿದ್ದೀರಿ. ಸಿಟ್ಟು ಬಂತು. ಸಿಟ್ಟು ಇಳಿಯಲಿ ಎಂದು ಇಷ್ಟು ದಿನ ಬರೆಯಲಿಲ್ಲ. ಪೂರ್ತಿ ಇಳಿದಿಲ್ಲ.

ಬೋರಕ್ಕ ನೆನಪಾಗಲು ಕಾರಣ ಅವಳು ತಾಯಿಯಿಲ್ಲದ ಮಗು. ವಯಸ್ಸು ಒಂಬತ್ತಿರಬಹುದು. ತಂದೆ ಗೊಲ್ಲಪ್ಪ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿಬಿಟ್ಟ. ಬೋರಕ್ಕನನ್ನೂ ಅವಳ ತಂಗಿ ಪಾಲಮ್ಮನನ್ನೂ ಸಾಕುತ್ತಿರುವವನು ಅವನ ಅಣ್ಣ ಜಂಪಣ್ಣ. ಬೇರೆ ಯಾರೂ ಮುಂದೆ ಬರಲಿಲ್ಲ. ಪಾಲಮ್ಮನಿಗೆ ನಾಲ್ಕು ವರ್ಷ, ನನ್ನ ಬಾಲವಾಡಿಯಲ್ಲಿದ್ದಾಳೆ. ದುಂಡಗೆ ಇದ್ದಾಳೆ, ಮೈಮೇಲೆ ಒಂದು ಗೀರೂ ಇಲ್ಲ. ಅಕ್ಕ ದಿನವೂ ಅವಳನ್ನು ಕಂಕುಳಲ್ಲಿ ತಂದು ಬಾಗಿಲಲ್ಲಿ ಇಳಿಸಿ ಹೋಗುತ್ತಾಳೆ. ಜಂಪಣ್ಣ ಕೆಟ್ಟವನಾದರೆ ಚಿಕ್ಕದನ್ನು ಇಷ್ಟು ಚೆನ್ನಾಗಿ ಸಾಕುತ್ತಿದ್ದನೇ?

ನಿಮ್ಮ ಮಾತಿಗೆ ಬೆಲೆ ಕೊಟ್ಟು ಬೋರಕ್ಕನನ್ನು ಕೇಳಿಯೂ ಕೇಳಿದೆ. “ನಿಂಗೆ ಕಾಮಾಲೆ ಆಗಿತ್ತೇನೇ?” ಎಂದೆ. “ಹೂಂ” ಎಂದಳು. ಇಷ್ಟು ಕೇಳಿದ್ದೇ ನಾನು ಮಾಡಿದ ತಪ್ಪು. ಬರೆ ಹಾಕಿಸಿಕೊಂಡವರನ್ನು ಯಾಕೆ, ಯಾರು ಎಂದು ಈ ಹಟ್ಟಿಯಲ್ಲಿ ಕೇಳುವಂತಿಲ್ಲ. ಕೇಳಿದರೆ ಹೋದ ರೋಗ ತಿರುಗಿ ಬರುತ್ತದೆಂದು ನಂಬಿಕೆ.

ಈಗ ನಾನು ನಿಮ್ಮನ್ನು ಕೇಳುತ್ತೇನೆ. ನಿಮ್ಮ ಕಾನೂನು ಬಂದಿತೆನ್ನಿ. ಒಂದು ಮಗುವಿಗೆ ಹಿಂಸೆಯಾಗುತ್ತಿದೆಯೆಂದು ಒಬ್ಬಳು ಬಡ ಹೆಂಗಸು ಹೋಗಿ ಹೇಳಿದಳೆನ್ನಿ. ಮಾರನೆಯ ದಿನ ಅವಳು ಅದೇ ಹಟ್ಟಿಯಲ್ಲಿ ನೀರಿಗೆ ಹೋಗಬೇಕಲ್ಲ. ಹೇಳಿದವಳನ್ನು ಕಾಯುವವರು ಯಾರು? ನಿಮ್ಮ ಮನವಿಯಲ್ಲಿ ಅದಕ್ಕೊಂದು ಸಾಲು ಇದೆಯೇ?

ಏಕಾಂತಮ್ಮ


ಚಿತ್ರದುರ್ಗ
3-3-1979

ಶ್ರೀಮತಿ ಏಕಾಂತಮ್ಮನವರಿಗೆ,

ಇರಲಿಲ್ಲ. ಈಗ ಸೇರಿಸಿದ್ದೇನೆ. ಮಗುವಿನ ಹಿಂಸೆಯನ್ನು ತಿಳಿಸಿದ ಶಿಕ್ಷಕಿಯಾಗಲಿ, ದಾದಿಯಾಗಲಿ, ನೆರೆಯವರಾಗಲಿ, ಅವರ ಹೆಸರನ್ನು ಗುಟ್ಟಾಗಿಡಬೇಕು, ಅವರಿಗೆ ತೊಂದರೆ ಕೊಟ್ಟವರಿಗೆ ಶಿಕ್ಷೆಯಾಗಬೇಕು ಎಂದು. ಇಲ್ಲಿನ ಹಿರಿಯ ವಕೀಲರು ಓದಿ, ಮುಖ್ಯವಾದದ್ದೇ ಬಿಟ್ಟುಹೋಗಿತ್ತು ಎಂದರು.

ಈಗ ಇರುವ ಏರ್ಪಾಡು ಹೀಗಿದೆ. ಮಗುವೊಂದನ್ನು ಮನೆಯಿಂದ ಬಿಡಿಸಿದರೆ ನಮ್ಮ ತಾಲ್ಲೂಕುಗಳಲ್ಲಿ ಇಡಲು ಜಾಗವಿಲ್ಲ. ಠಾಣೆಯ ಬೆಂಚಿನ ಮೇಲೆ ಕೂರಿಸಬೇಕು, ಇಲ್ಲವೇ ದೂರದ ಊರಿನ ರಿಮ್ಯಾಂಡ್ ಹೋಮಿಗೆ ಕಳ್ಳತನ ಮಾಡಿ ಸಿಕ್ಕ ಹುಡುಗರ ಜೊತೆ ಕಳಿಸಬೇಕು. ಅದಕ್ಕೇ ಹಣ ಕೇಳುತ್ತಿರುವುದು.

ಉಪಸಮಿತಿ ಏಪ್ರಿಲ್ 23ರಂದು ದುರ್ಗದಲ್ಲಿ ಸೇರುತ್ತದೆ. ಕಾಗದದ ಮೇಲಿನ ಮಾತಿಗೆ ಅವರು ಅಲುಗುವವರಲ್ಲ. ಬೋರಕ್ಕನನ್ನು ಅಂದು ಕರೆದುಕೊಂಡು ಬನ್ನಿ. ಬಸ್ಸಿನ ಖರ್ಚು ನನ್ನದು.

ಇನ್ನೊಂದು ವಿಷಯ. ನಿಮ್ಮ ಬಾಲವಾಡಿ ನಡೆಯುವ ಕೋಣೆ ಜಂಪಣ್ಣನದು, ಅದನ್ನು ಅವರು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದಾರೆ ಎಂದು ಹಿರಿಯೂರಿನಲ್ಲಿ ತಿಳಿಯಿತು. ಅವರ ಒಳ್ಳೆಯತನದ ಬಗ್ಗೆ ಇಷ್ಟು ಬರೆದ ನೀವು ಇದೊಂದನ್ನು ಬರೆಯಲಿಲ್ಲ.

ಶಿವಕುಮಾರಪ್ಪ


ಧರ್ಮಪುರ
15-3-1979

ವಕೀಲರಿಗೆ,

ಹೌದು, ಕೋಣೆ ಅವನದೇ. ಸರ್ಕಾರ ನನಗೆ ಒಂದು ಕರಿಹಲಗೆ ಕೊಟ್ಟಿತು, ಅದನ್ನು ನೇತುಹಾಕಲು ಗೋಡೆ ಕೊಡಲಿಲ್ಲ. ಗೋಡೆ ಕೊಟ್ಟವನು ಜಂಪಣ್ಣ. ಅವನು ಬೇಡವೆಂದ ದಿನ ನಲವತ್ತು ಮಕ್ಕಳು ಬಯಲಿಗೆ ಬೀಳುತ್ತಾರೆ. ಇದನ್ನು ಬರೆಯಲಿಲ್ಲ, ಯಾಕೆಂದರೆ ನೀವು ಹೀಗೆಯೇ ಅರ್ಥ ಮಾಡುತ್ತೀರೆಂದು ಗೊತ್ತಿತ್ತು.

ನಾನೂ ಒಂದು ವಿಷಯ ತಿಳಿದುಕೊಂಡೆ. ಜಂಪಣ್ಣನ ಮೇಲೆ ಹೊಲದ ಬದುವಿನ ದಾವೆ ಹೂಡಿರುವ ನಿಂಗಪ್ಪನ ವಕೀಲರು ನೀವೇ. ಬಸ್ಸಿನಲ್ಲಿ ನಿಂಗಪ್ಪನೇ ಎದೆ ತಟ್ಟಿಕೊಂಡು ಹೇಳಿದ. “ನೋಡ್ತಿರ್ರಿ ಟೀಚ್ರಮ್ಮ, ಜಂಪಣ್ಣನ ಮೀಸೆ ದುರ್ಗದಲ್ಲಿ ಹೆಂಗ್ ಇಳೀತೈತೆ ಅಂತ.” ಮಗುವಿನ ಸುದ್ದಿ ನಿಮಗೆ ಯಾರಿಂದ ‘ತಿಳಿದುಬಂತು’ ಎಂದು ಈಗ ಗೊತ್ತಾಯಿತು. ಬದುವಿನ ಜಗಳಕ್ಕೆ ತಾಯಿಯಿಲ್ಲದ ಕೂಸನ್ನು ಕಲ್ಲು ಮಾಡಿ ನೆಡುತ್ತಿದ್ದೀರಾ ವಕೀಲರೆ?

ಬೋರಕ್ಕನನ್ನು ಕರೆತರುವುದಿಲ್ಲ. ಅಂದು ಸಮಿತಿಯವರು ಅವಳ ಕೈ ಹಿಡಿದು ನೋಡಿ ಲೊಚಗುಟ್ಟಿ, ಟೀ ಕುಡಿದು ಹೋಗುತ್ತಾರೆ. ಸಂಜೆಯ ಬಸ್ಸಿಗೆ ಅವಳು ಅದೇ ಮನೆಗೆ ಹೋಗಿ ಮಲಗಬೇಕು. ಮನೆ ಒಳ್ಳೆಯದೇ ಆಗಿದ್ದರೂ ಆಮೇಲೆ ಒಳ್ಳೆಯದಾಗಿ ಉಳಿಯುವುದಿಲ್ಲ.

ಇನ್ನು ಬರೆಯಬೇಡಿ.

ಏಕಾಂತಮ್ಮ


ಚಿತ್ರದುರ್ಗ
9-4-1979

ಶ್ರೀಮತಿ ಏಕಾಂತಮ್ಮನವರಿಗೆ,

ಬರೆಯಬೇಡಿ ಎಂದಿದ್ದಿರಿ. ಇದೊಂದನ್ನು ಓದಿ, ಆಮೇಲೆ ಬೇಕಾದರೆ ಒಲೆಗೆ ಹಾಕಿ.

ನಿನ್ನೆ ಭಾನುವಾರ ನಾನು ನಿಮ್ಮ ಹಟ್ಟಿಗೆ ಬಂದಿದ್ದೆ. ತಿಳಿಸಿದರೆ ಮಗುವನ್ನು ಬಚ್ಚಿಡುತ್ತೀರೆಂಬ ಅನುಮಾನದಿಂದ ತಿಳಿಸದೆ ಬಂದೆ. ಶೇಂಗಾ ಕೊಳ್ಳುವವನೆಂದು ಹೇಳಿಕೊಂಡೆ. ಈ ತಿಂಗಳಲ್ಲಿ ಬಿತ್ತನೆಗೆ ಇಟ್ಟದ್ದು ಬಿಟ್ಟು ಯಾರ ಮನೆಯಲ್ಲೂ ಕಾಯಿ ಇರುವುದಿಲ್ಲವೆಂದು ನನಗೆ ಹೊಳೆದಿರಲಿಲ್ಲ. ಕಟ್ಟೆಯ ಮೇಲಿದ್ದ ಮುದುಕರೊಬ್ಬರು, “ಏನಪ್ಪ, ಬಿತ್ತನೆಕಾಯಿ ನೀನ್ ತಗಂಡೋದ್ರೆ ಹೊಲಕ್ಕೆ ನಾವೇನ್ ಹರಳು ಬಿತ್ತಾಣ?” ಎಂದರು. ಎಲ್ಲರೂ ನಕ್ಕರು. ಮಕ್ಕಳು ಮಾತ್ರ ನನ್ನ ಪ್ಯಾಂಟು ಕಂಡ ಕೂಡಲೇ ಓಡಿಹೋಗಿದ್ದವು. ಜೀಪಿನ ಕಥೆಯನ್ನು ನೀವು ಹೆಚ್ಚು ಮಾಡಿ ಬರೆದಿರಲಿಲ್ಲ.

ಓಡದೆ ನಿಂತವಳು ಒಬ್ಬಳೇ ಹುಡುಗಿ, ತಲೆಯ ಮೇಲೆ ಕೊಡವಿತ್ತು. ಕುಡಿಯಲು ನೀರು ಕೇಳಿದೆ. ಬಗ್ಗಿಸಿ ಹೊಯ್ಯುವಾಗ ಹೊದ್ದಿದ್ದ ಬಟ್ಟೆ ಸರಿಯಿತು. ಬಲಗೈ ಮೇಲೊಂದು ಒಣಗಿದ ಬರೆ. ಎಡಗೈ ಮೇಲೆ ಇನ್ನೊಂದು, ಹಸಿ, ನೊಣ ಕೂತಿತ್ತು. “ಏನವ್ವ ಇದು?” ಎಂದೆ. “ಕಾಮಾಲೆ” ಎಂದಳು. ನನ್ನ ತಮ್ಮ ಕಾಮಾಲೆಯಲ್ಲಿ ತೀರಿಕೊಂಡವನು, ಅವನ ಕಣ್ಣಿನ ಬಣ್ಣ ನನಗೆ ನೆನಪಿದೆ. ಈ ಹುಡುಗಿಯ ಕಣ್ಣು ತೊಳೆದ ಬಟ್ಟಲಿನ ಹಾಗೆ ಬಿಳಿಯಾಗಿದ್ದವು.

ಸುದ್ದಿ ಕೊಟ್ಟವನು ನಿಂಗಪ್ಪನೇ. ಅವನ ಉದ್ದೇಶ ಒಳ್ಳೆಯದಲ್ಲ ಎಂಬುದೂ ನನಗೆ ಮೊದಲಿನಿಂದ ಗೊತ್ತು. ಹೇಳಿದರೆ ನೀವು ಮೊದಲ ಕಾಗದವನ್ನೇ ಹರಿದುಹಾಕುತ್ತಿದ್ದಿರಿ ಎಂದು ಹೇಳಲಿಲ್ಲ. ಇಂದು ಬೆಳಿಗ್ಗೆ ಅವನ ವಕಾಲತ್ತು ಹಿಂದಿರುಗಿಸಿದೆ.

ನಿಮ್ಮ ಮೇಲೆ ಇನ್ನೂ ಅನುಮಾನ ಹೋಗಿಲ್ಲ. ಆದ್ದರಿಂದ ಒಂದೇ ಪ್ರಶ್ನೆ. ನಿಮ್ಮ ಹಟ್ಟಿಯಲ್ಲಿ ಬರೆ ಹಾಕುವವರು ಯಾರೋ ಒಬ್ಬರು ಇರಬೇಕಲ್ಲ? ಅವರನ್ನು ಕೇಳಿದ್ದೀರಾ?

ಶಿವಕುಮಾರಪ್ಪ


ಧರ್ಮಪುರ
14-4-1979

ವಕೀಲರಿಗೆ ನಮಸ್ಕಾರ.

ಕೇಳಿರಲಿಲ್ಲ. ಕೇಳಿದೆ.

ಈ ಸುತ್ತಿನ ಹಟ್ಟಿಗಳಿಗೆಲ್ಲ ಬರೆ ಹಾಕುವವಳು ಹುಚ್ಚಕ್ಕ ಎಂಬ ಮುದುಕಿ. ನಿಮ್ಮ ಕಾಗದ ಕೈಗೆ ಬಂದ ಕೂಡಲೇ ಹೋದೆ. ಮರಿಗಳಿಗೆ ಸೊಪ್ಪು ಕಟ್ಟುತ್ತ ಕೂತಿದ್ದಳು.

“ಅಜ್ಜಿ, ಬೋರಕ್ಕಗೆ ಯಾವಾಗ ಬರೆ ಹಾಕಿದ್ದೆ?”

“ಹಾಕ್ದೋರ್ನ ಕೇಳು.”

“ಅಂದ್ರೆ?”

“ನಾನ್ ಹಾಕಿಲ್ಲ ಕಣವ್ವ. ಗಡಿ ಆಚೆಯಿಂದ ಯಾವಳ್ನೋ ಕರ್ಸವ್ರೆ. ಯಾಕೆ, ನಾನೇನ್ ಸತ್ತೋಗಿದ್ನಾ? ಅವತ್ತಿಂದ ಆ ಮನೆ ನೀರು ಕುಡಿದಿಲ್ಲ ನಾನು. ಜಯಕ್ಕ ಎದುರಿಗೆ ಬಂದ್ರೆ ಮಕ ತಿರುಗಿಸ್ತೀನಿ.”

“ಯಾರು ಬಂದಿದ್ರು ಅಜ್ಜಿ? ನೀನ್ ನೋಡಿದ್ಯಾ?”

“ಯಾರ್ ಬಂದಿದ್ರು ಅಂದ್ರೆ…” ಮುದುಕಿಯ ಕೈ ಸೊಪ್ಪಿನ ಮೇಲೆ ನಿಂತಿತು. ಹಟ್ಟಿಗೆ ಹೊಸಬರು ಬಂದರೆ ನಾಯಿಗಿಂತ ಮುಂಚೆ ಹುಚ್ಚಕ್ಕನಿಗೆ ಗೊತ್ತಾಗುತ್ತದೆ. ಸಣ್ಣ ದನಿಯಲ್ಲಿ ಅಂದಳು: “ಯಾರೂ ಬಂದಿರ್ನಿಲ್ವಲ್ಲೇ ತಾಯಿ.”

ನೋಡಿ, ಎಲ್ಲರ ಕಣ್ಣೆದುರಿಗೇ ಇತ್ತು. ಹಟ್ಟಿಯವರು ಹುಚ್ಚಕ್ಕ ಹಾಕಿದಳೆಂದುಕೊಂಡರು. ಹುಚ್ಚಕ್ಕ ಬೇರೆಯವಳು ಹಾಕಿದಳೆಂದು ಮುನಿಸಿಕೊಂಡಳು. ಕೇಳಬಾರದೆಂದು ನಾವೆಲ್ಲ ಸುಮ್ಮನಿದ್ದೆವು.

ಅಲ್ಲಿಂದ ನೇರ ಜಂಪಣ್ಣನ ಮನೆಗೆ ಹೋದೆ. “ಬೋರಕ್ಕಗೆ ಮೈ ಸರಿಯಿಲ್ಲ, ಹಿರಿಯೂರಿಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸ್ತೀನಿ” ಎಂದೆ. ಜಯಕ್ಕ ನಗಲಿಲ್ಲ. ಜಂಪಣ್ಣ ನಕ್ಕ. “ಅದಕ್ಕೇನ್ರಿ ಟೀಚ್ರಮ್ಮ, ಕುಂತ್ಕಳ್ರಿ, ಮಜ್ಜಿಗೆ ಕುಡೀರಿ. ಕರ್ಕಂಡೋಗ್ರಿ, ನಾಕ್ ದಿನ ನಿಮ್ಮನೇಲೇ ಇಟ್ಕಳ್ರಿ.” ಅಷ್ಟು ಸುಲಭವಾಗಿ ಕೊಟ್ಟದ್ದಕ್ಕೇ ನನಗೆ ಹೆದರಿಕೆಯಾಯಿತು. ಡಾಕ್ಟರು ನೋಡಿ, ಕಾಮಾಲೆಯ ಸುಳಿವೇ ಇಲ್ಲ, ಎರಡೂ ಕಾದ ಕಬ್ಬಿಣದಿಂದ ಆದ ಗಾಯ ಎಂದು ಬರೆದುಕೊಟ್ಟರು.

ಮಾರನೆಯ ದಿನ ಬಾಲವಾಡಿಗೆ ಬೀಗ ಬಿದ್ದಿತ್ತು. ಕರಿಹಲಗೆ ಬಾಗಿಲ ಹೊರಗೆ ಗೋಡೆಗೆ ಆನಿಸಿತ್ತು. ಮಧ್ಯಾಹ್ನ ಪೊಲೀಸರು ನನ್ನ ಮನೆಗೆ ಬಂದರು. ಟೀಚರಮ್ಮ ಮಗುವನ್ನು ಕದ್ದಿದ್ದಾಳೆಂದು ಜಂಪಣ್ಣ ದೂರು ಕೊಟ್ಟಿದ್ದಾನೆ. ನಾನು ಡಾಕ್ಟರ ಚೀಟಿ ತೋರಿಸಿದ್ದರಿಂದ ಮಗುವನ್ನು ಎಳೆದುಕೊಂಡು ಹೋಗಲಿಲ್ಲ. 23ನೇ ತಾರೀಖು ಹಿರಿಯೂರಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗಬೇಕು. ಅವರು ಯಾರಿಗೆ ಕೊಡಿ ಎನ್ನುತ್ತಾರೋ ಅವರಿಗೆ.

ಬೋರಕ್ಕ ಊಟ ಮಾಡುತ್ತಾಳೆ, ಕೆಲಸ ಮಾಡುತ್ತಾಳೆ, ಹೊತ್ತು ಸಿಕ್ಕರೆ ಬಾಗಿಲಲ್ಲಿ ನಿಂತು ಹಟ್ಟಿಯ ದಾರಿ ನೋಡುತ್ತಾಳೆ. ತನ್ನನ್ನು ಸುಟ್ಟ ಮನೆಯ ಮೇಲೂ ಇಷ್ಟು ಆಸೆಯೇ ಎಂದು ನನಗೆ ಆಶ್ಚರ್ಯ.

ನೀವು ಬನ್ನಿ. ಅನುಮಾನಗಳನ್ನೆಲ್ಲ ಆಮೇಲೆ ನೋಡಿಕೊಳ್ಳೋಣ.

ಏಕಾಂತಮ್ಮ


ಚಿತ್ರದುರ್ಗ
18-4-1979

ಶ್ರೀಮತಿ ಏಕಾಂತಮ್ಮನವರಿಗೆ,

ಬರಲಾಗುವುದಿಲ್ಲ. ಉಪಸಮಿತಿ ಸೇರುವುದೂ ಅಂದೇ. ನನ್ನ ಬದಲು ಕಿರಿಯ ವಕೀಲ ಹನುಮಂತಪ್ಪ ಬರುತ್ತಾರೆ. ಕಡಿಮೆ ಮಾತಿನವರು, ನಂಬಬಹುದು. ಹುಚ್ಚಕ್ಕನನ್ನು ತಪ್ಪದೆ ಕರೆದುಕೊಂಡು ಹೋಗಿ.

ಶಿವಕುಮಾರಪ್ಪ


ಚಿತ್ರದುರ್ಗ
23-4-1979, ಸಂಜೆ

ಶ್ರೀಮತಿ ಏಕಾಂತಮ್ಮನವರಿಗೆ,

ಅಲ್ಲಿ ಏನಾಯಿತೆಂದು ಇನ್ನೂ ತಿಳಿದಿಲ್ಲ. ಇಲ್ಲಿ ಆದದ್ದನ್ನು ಬರೆಯುತ್ತೇನೆ.

ನಾನು ಬರದಿದ್ದಕ್ಕೆ ಸಮಿತಿಯೊಂದೇ ಕಾರಣವಲ್ಲ. ಮೊನ್ನೆ ಮೊನ್ನೆಯವರೆಗೆ ನಿಂಗಪ್ಪನ ವಕೀಲನಾಗಿದ್ದವನು ಇಂದು ಮಗುವಿನ ಪರ ನಿಂತರೆ ಜಂಪಣ್ಣನ ಕಡೆಯವರಿಗೆ ಹಬ್ಬ. ಇದನ್ನು ಹಿಂದಿನ ಕಾಗದದಲ್ಲೇ ಬರೆಯಬೇಕಿತ್ತು. ಪೋಸ್ಟ್‌ಮ್ಯಾನ್ ನಿಮ್ಮ ಕಾಗದಗಳನ್ನು ಹೋಟೆಲಿಗೆ ತೋರಿಸುತ್ತಾನೆಂದು ನೀವೇ ಹೇಳಿದ್ದಿರಿ, ಅದಕ್ಕೇ ಬರೆಯಲಿಲ್ಲ. ಈ ಲಕೋಟೆಗೆ ಅಂಟು ಜಾಸ್ತಿ ಹಾಕಿದ್ದೇನೆ.

ಸಮಿತಿಯವರು ಮಾರಿಕಣಿವೆ ಅಣೆಕಟ್ಟು ನೋಡಲು ಹೋಗಿ ಮೂರು ಗಂಟೆಗೆ ಬಂದರು. ಮನವಿ ಓದಿದೆ. ಅಧಿಕಾರಿ, ಮನೆ, ವಾರ್ಷಿಕ ಹಣ, ಹೇಳಿದವರಿಗೆ ರಕ್ಷಣೆ. ಅಧ್ಯಕ್ಷರು ಕೇಳಿದರು.

“ಇಂಥ ಒಂದು ಮಗು ತೋರಿಸ್ರಿ ನೋಡಾಣ.”

“ತೋರಿಸುವುದಿಲ್ಲ ಸ್ವಾಮಿ.”

“ಹೋಗ್ಲಿ, ಹೆಸರು?”

“ಹೆಸರನ್ನೂ ಹೇಳುವುದಿಲ್ಲ.”

“ಏನ್ ವಕೀಲ್ರೇ, ಮತ್ತೆ ಸರ್ಕಾರದ ದುಡ್ಡು ಗಾಳಿಗೆ ಕೊಡಾಣೇನ್ರಿ?”

ನಗು. ಬೋರಕ್ಕನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಆ ನಗು ಅಲ್ಲೇ ನಿಲ್ಲುತ್ತಿತ್ತು. ಬಾಗಿಲ ಬಳಿ ನಿಂಗಪ್ಪ ಕಾಯುತ್ತ ಕೂತಿದ್ದ, ನನ್ನ ಬಾಯಿಂದ ಜಂಪಣ್ಣನ ಮನೆಯ ಮಾತು ಹೊರಬೀಳಲಿ ಎಂದು. ಮನವಿಯನ್ನು ಮಡಿಸಿ ಮೇಜಿನ ಮೇಲಿಟ್ಟೆ. ‘ಪರಿಶೀಲಿಸುತ್ತೇವೆ’ ಎಂದು ತೆಗೆದುಕೊಂಡರು. ಮಹಾದೇವಮ್ಮ ಎಂಬ ಸದಸ್ಯೆಯೊಬ್ಬರು ಹೊರಗೆ ಬಂದು, ಜೂನ್ ಕೊನೆಗೆ ಬೆಂಗಳೂರಿಗೆ ಬನ್ನಿ, ಇನ್ನೊಂದು ಸಲ ಕೇಳಿಸೋಣ ಎಂದರು.

ಒಟ್ಟಿನಲ್ಲಿ ಇವತ್ತು ಸೋತೆ.

ಶಿವಕುಮಾರಪ್ಪ


ಧರ್ಮಪುರ
24-4-1979

ವಕೀಲರಿಗೆ,

ನೀವು ಬರಲಿಲ್ಲ. ದುರ್ಗದಲ್ಲಿ ಬೋರಕ್ಕನ ಕಥೆ ಹೇಳಿ ಚೆನ್ನಾಗಿ ಚಪ್ಪಾಳೆ ಗಿಟ್ಟಿಸಿರಬೇಕು. ಅವಳ ಕಥೆ ನಿನ್ನೆ ಎಲ್ಲಿಗೆ ಹೋಯಿತೆಂದು ನಿಮಗೆ ಗೊತ್ತಿಲ್ಲ, ಆದ್ದರಿಂದ ಬರೆಯುತ್ತೇನೆ.

ಜಂಪಣ್ಣ ಬಿಳಿ ರುಮಾಲು ಸುತ್ತಿ ಬಂದಿದ್ದ. “ಇದೆಲ್ಲ ನಿಂಗಪ್ಪನ ಕಿತಾಪತಿ ಸ್ವಾಮಿ” ಎಂದು ಕೈಮುಗಿದ. ಎಲ್ಲರೂ ಹೌದೆಂಬಂತೆ ತಲೆಯಾಡಿಸಿದರು. ಆಮೇಲೆ ಹುಚ್ಚಕ್ಕನನ್ನು ಕರೆದರು.

“ನೀನು ಮಕ್ಕಳಿಗೆ ಬರೆ ಹಾಕುತ್ತೀಯಾ?” ಮ್ಯಾಜಿಸ್ಟ್ರೇಟರು ಕೇಳಿದರು.

“ಹಾಕ್ತೀನಿ ಬುದ್ಧಿ. ಯಾಕೆ, ಮಗೀಗೆ ಏನಾಗೈತೆ?”

ಕೋರ್ಟೆಲ್ಲ ನಕ್ಕಿತು. ಹಾಗೆ ಬರೆ ಹಾಕುವುದೂ ತಪ್ಪು ಎಂದು ಅವರು ಗದರಿದರು. “ತಪ್ಪಾದ್ರೆ ನನ್ನೂ ಹಿಡೀರಿ. ಇದನ್ನ ಹಾಕ್ದೋರ್ನ ಮೊದ್ಲು ಹಿಡೀರಿ. ಇದು ನನ್ ಕೈಯಿಂದಾಗಿದ್ದಲ್ಲ” ಎಂದಳು ಮುದುಕಿ. ಜಂಪಣ್ಣನ ರುಮಾಲು ಅಲುಗಾಡಿತು. ಜಯಕ್ಕ ನೆಲ ನೋಡುತ್ತಿದ್ದಳು.

ಗೆದ್ದೆವೆಂದುಕೊಂಡೆ. ಮ್ಯಾಜಿಸ್ಟ್ರೇಟರು ಬೋರಕ್ಕನನ್ನು ಹತ್ತಿರ ಕರೆದು, ಹೆದರಬೇಡ, ನೀನು ಯಾರ ಮನೆಯಲ್ಲಿ ಇರುತ್ತೀಯ ಹೇಳು ಎಂದರು.

“ದೊಡ್ಡಪ್ಪನ ಮನೇಗೆ ಹೋಗ್ತೀನಿ” ಎಂದಳು.

ಎದುರಿನ ವಕೀಲರು ನಗುತ್ತ ಕೂತುಬಿಟ್ಟರು. ಮ್ಯಾಜಿಸ್ಟ್ರೇಟರು ಬರೆಯಲು ಪೆನ್ನು ತೆಗೆದುಕೊಂಡರು. ಆಗ ನಿಮ್ಮ ಹನುಮಂತಪ್ಪ ಎದ್ದು, ಅಪ್ಪಣೆ ಪಡೆದು ಅವಳನ್ನು ಕೇಳಿದರು. “ಯಾಕವ್ವ?”

“ಪಾಲಿ ಅಲ್ಲೇ ಐತೆ.”

“ಇದ್ರೆ ಏನಾಯ್ತು?”

“ನಾನಿಲ್ದಿದ್ರೆ ಪಾಲಿಗೆ ಹಾಕ್ತಾರೆ.”

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ಪಾಲಮ್ಮನ ಮೈಮೇಲೆ ಗೀರಿಲ್ಲವೆಂದು ನಿಮಗೆ ಬರೆದು ವಾದಿಸಿದವಳು ನಾನು. ಅದು ಯಾಕಿಲ್ಲವೆಂದು ನನಗೆ ನಿನ್ನೆ ತಿಳಿಯಿತು. ಅವಳು ಹಟ್ಟಿಯ ದಾರಿ ಯಾಕೆ ನೋಡುತ್ತಿದ್ದಳೆಂಬುದೂ.

ಪಾಲಮ್ಮನನ್ನೂ ಅಂದೇ ಕರೆಸಿದರು. ಮುಂದಿನ ಆಜ್ಞೆಯವರೆಗೆ ಇಬ್ಬರೂ ನನ್ನ ಬಳಿ ಇರಬೇಕು, ಈ ತಾಲ್ಲೂಕಿನಲ್ಲಿ ಬೇರೆ ಜಾಗವಿಲ್ಲವಾದ್ದರಿಂದ ಹೀಗೆ ಮಾಡಬೇಕಾಗಿದೆ ಎಂದು ಗಟ್ಟಿಯಾಗಿ ಓದಿ ಬರೆಸಿದರು. ಹಾಕುವವರು ಯಾರೆಂದು ಕೇಳಿದ್ದಕ್ಕೆ ಬೋರಕ್ಕ ದೊಡ್ಡಮ್ಮನ ಕಡೆ ಕೈ ತೋರಿಸಿದಳು. ಜಯಕ್ಕನ ಮೇಲೆ ಕೇಸು ನಡೆಯುತ್ತದಂತೆ.

ಇದನ್ನೂ ನಿಮ್ಮ ಭಾಷಣಕ್ಕೆ ಸೇರಿಸಿಕೊಳ್ಳಿ.

ಏಕಾಂತಮ್ಮ


ಧರ್ಮಪುರ
11-6-1979

ಶಿವಕುಮಾರಪ್ಪನವರಿಗೆ ಏಕಾಂತಮ್ಮನ ನಮಸ್ಕಾರಗಳು.

ನಾನು ಆ ಸಿಟ್ಟಿನ ಕಾಗದ ಡಬ್ಬಿಗೆ ಹಾಕಿ ಬಂದ ಮೇಲೆ ಸಮಿತಿಯ ದಿನ ನೀವು ಬರೆದದ್ದು ಕೈಗೆ ಬಂತು. ಓಡಿ ಹೋಗಿ, ವಾಪಸ್ ಕೊಡು ಎಂದು ಪೋಸ್ಟ್‌ಮ್ಯಾನನ್ನು ಕೇಳಿದೆ. “ಡಬ್ಬಿ ಒಳಗೆ ಬಿದ್ಮೇಲೆ ಅದು ಸರ್ಕಾರದ್ದು ಕಣ್ರಿ” ಎಂದ. ಹೋಟೆಲಿನವರದಾಗಬಹುದು, ನನ್ನದಾಗುವ ಹಾಗಿಲ್ಲ. ನಿಮ್ಮ ಕೈಗೆ ಆ ಕಾಗದ ತಲುಪಿದ ಮೇಲೂ ನೀವು ಸಿಟ್ಟಿನಿಂದ ಏನೂ ಬರೆಯಲಿಲ್ಲ. ಏನೂ ಬರೆಯಲಿಲ್ಲವಲ್ಲ ಎಂದು ಅದಕ್ಕೂ ಸ್ವಲ್ಪ ದಿನ ಅನುಮಾನಪಟ್ಟೆ.

ಬಾಲವಾಡಿ ಈಗ ಹೊಂಗೆಮರದ ಕೆಳಗೆ. ಮೊದಲ ವಾರ ಒಬ್ಬರೂ ಮಕ್ಕಳನ್ನು ಕಳಿಸಲಿಲ್ಲ. ಇವತ್ತು ಟೀಚರಮ್ಮನ ಮನೆಗೆ ಹೋದ ಮಗು ನಾಳೆ ಕೋರ್ಟಿಗೆ ಹೋಗುತ್ತದೆಂದು ಹೆದರಿಕೆ. ಈಗ ಅರ್ಧ ಬರುತ್ತವೆ. ನಿಂಗಪ್ಪ ಬಂದು, “ನಮ್ ಕೊಟ್ಟಿಗೆ ಖಾಲಿ ಐತೆ, ಅಲ್ಲೇ ನಡ್ಸಾಣ ಬರ್ರಿ” ಎಂದ. ಬೇಡಪ್ಪ, ಇನ್ನೊಬ್ಬ ಯಜಮಾನನ ಗೋಡೆ ಬೇಡ ಎಂದೆ.

ಮೊನ್ನೆ ನಡೆದ ಒಂದು ಸಂಗತಿಯನ್ನು ಯಾರಿಗೂ ಹೇಳಿಲ್ಲ. ಒಲೆಯ ಮೇಲೆ ಹಾಲಿಟ್ಟು, ನೋಡಿಕೊಳ್ಳಲು ಬೋರಕ್ಕನಿಗೆ ಹೇಳಿ ಹಿತ್ತಲಿಗೆ ಹೋಗಿದ್ದೆ. ಬರುವಷ್ಟರಲ್ಲಿ ಹಾಲೆಲ್ಲ ಉಕ್ಕಿ ಒಲೆಯ ಸುತ್ತ ಹರಿದಿತ್ತು. ಬೋರಕ್ಕ ಅಳುತ್ತಿರಲಿಲ್ಲ. ಕಬ್ಬಿಣದ ಸಟ್ಟುಗವನ್ನು ತಾನೇ ಬೆಂಕಿಗೆ ಇಟ್ಟು ಕಾಯಿಸುತ್ತ ಕೂತಿದ್ದಳು. ಅದರ ಹಿಡಿಗೆ ಒದ್ದೆ ಬಟ್ಟೆ ಸುತ್ತಿ ನನ್ನ ಕಡೆಗೆ ತಿರುಗಿಸಿ ಇಟ್ಟಿದ್ದಳು, ನನ್ನ ಕೈ ಸುಡದಿರಲಿ ಎಂದು. ಪಾಲಮ್ಮನನ್ನು ಮೂಲೆಯಲ್ಲಿ ಕೂರಿಸಿ ಅದರ ಮುಖಕ್ಕೆ ಚಾಪೆ ಮರೆ ಮಾಡಿದ್ದಳು.

ಇಷ್ಟು ವರ್ಷ ಮಕ್ಕಳ ನಡುವೆ ಬದುಕಿದವಳು ನಾನು. ಯಾವ ಮಗುವನ್ನು ಯಾವ ಕಥೆ ಹೇಳಿ ಸುಮ್ಮನಾಗಿಸಬೇಕೆಂದು ಬಲ್ಲೆ ಎಂದುಕೊಂಡಿದ್ದೆ. ಅವತ್ತು ಒಂದು ಮಾತೂ ಬರಲಿಲ್ಲ. ಕೊಡ ಎತ್ತಿ ಒಲೆಗೆ ನೀರು ಸುರಿದೆ. ಮನೆಯೆಲ್ಲ ಹೊಗೆಯಾಯಿತು. ಹೊಗೆಯೊಳಗಿಂದ ಅವಳು, “ಟೀಚ್ರಮ್ಮ, ಒಲೆ ಇನ್ನೊಂದ್ ಸಲ ಹಚ್ಲಾ?” ಎಂದಳು.

ಸಮಿತಿಯವರು ಮಗು ತೋರಿಸಿ ಎಂದು ಕೇಳಿದರಂತಲ್ಲ. ಮಗುವನ್ನು ತೋರಿಸುವುದು ಬೇಡ. ನಾನು ಬಂದು ಇದನ್ನು ಹೇಳುತ್ತೇನೆ. ಮನವಿಯಲ್ಲಿ ನೀವು ಅಧಿಕಾರಿ ಕೇಳಿದ್ದೀರಿ, ಮನೆ ಕೇಳಿದ್ದೀರಿ. ಇಂಥ ಹೊತ್ತಿನಲ್ಲಿ ಮಗುವಿಗೆ ಏನು ಹೇಳಬೇಕೆಂದು ಕಲಿತು ಬಂದ ಒಬ್ಬರನ್ನೂ ಕೇಳಿ, ಸಂಬಳ ಇಟ್ಟು ಕೇಳಿ. ಪ್ರೀತಿಯಿದ್ದರೆ ಸಾಕೆಂದು ಯಾರಾದರೂ ಅಂದರೆ ಸಾಲದೆಂದು ನಾನು ಹೇಳುತ್ತೇನೆ.

ಬೆಂಗಳೂರಿಗೆ ಹೋಗುವ ದಿನ ತಿಳಿಸಿ. ಹೋಗಿಬರಲು ಒಂದು ರಾತ್ರಿಯಾದರೂ ಹಿಡಿಯುತ್ತದೆ. ಹುಚ್ಚಕ್ಕ, ನಾನು ನೋಡಿಕೊಳ್ಳುತ್ತೇನೆ ಎಂದಳು. ಬರೆ ಹಾಕುವ ಅವಳ ಕೈ ನೋಡಿ ಬೇಡವೆಂದೆ. ಎದುರು ಮನೆಯವರು ಒಳ್ಳೆಯವರು, ಆದರೆ ಜಂಪಣ್ಣನನ್ನೂ ನಾನು ಒಳ್ಳೆಯವನೆಂದೇ ಬರೆದಿದ್ದೆ. ಹೊಳಲ್ಕೆರೆಯಲ್ಲಿ ನನ್ನ ಸ್ವಂತ ತಂಗಿಯಿದ್ದಾಳೆ. ಅವಳ ಬಗ್ಗೆಯೂ ಈಗ ಎರಡು ಸಲ ಯೋಚಿಸುತ್ತಿದ್ದೇನೆ.

ಆ ಒಂದು ರಾತ್ರಿ ಈ ಇಬ್ಬರನ್ನು ಯಾರ ಮನೆಯಲ್ಲಿ ಬಿಟ್ಟು ಬರಲಿ, ನಿಮಗೆ ತಿಳಿದರೆ ಬರೆಯಿರಿ.

ಏಕಾಂತಮ್ಮ